ಭಜ್ಜಿ ಕಡೆಯಲು ಬಂದ ಮೋಟರು

ಕಾಲುವೆ ನೀರು ಬಂದ ಮೇಲೆ ನಮ್ಮೂರಿಗೆ ಭತ್ತ ಬಂತು, ಭತ್ತದ ಹಿಂದೆ ನೀರೆತ್ತುವ ಮೋಟರು ಬಂತು, ಮೋಟರಿನ ಹಿಂದೆ ನನ್ನ ದೊಡ್ಡಸ್ತಿಕೆ ಬಂತು. ಯಾರೇ ಮೋಟರು ಕೊಳ್ಳಲಿ, ಶಹಾಪುರದ ಅಂಗಡಿಗೆ ನನ್ನನ್ನು ಕರೆದುಕೊಂಡೇ ಹೋಗಬೇಕು. ಓಡುತ್ತಿರುವ ಮೋಟರಿನ ಬೆನ್ನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, “ನಡೀತದ” ಎಂದೆನೆಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ. ನಾನು ಆರಿಸಿದ ಒಂದೆರಡು ಮೋಟರು ಸುಟ್ಟದ್ದೂ ಉಂಟು. ಅದು ಕೊಂಡವರ ಹಣೆಬರಹ.

ಇಂಥ ನನಗೆ ಅಡುಗೆಮನೆಯ ಯಂತ್ರ ಆರಿಸುವ ಕ್ಷುದ್ರ ಕೆಲಸ ಬಂದದ್ದು ಎಳ್ಳಮವಾಸ್ಯೆ ಹತ್ತಿರವಾದಾಗ. ಅಂದು ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಿ, ಬಳಗವೆಲ್ಲ ಬದುವಿನ ಮೇಲೆ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವುದು ಪದ್ಧತಿ. ಹಸಿ ಕಾಳು, ಶೇಂಗಾ, ಸೊಪ್ಪು ಎಲ್ಲವನ್ನೂ ಬೇಯಿಸಿ ಕಡಗೋಲಿನಿಂದ ಹದವಾಗಿ ಕಡೆದದ್ದೇ ಭಜ್ಜಿ. ಅದರಲ್ಲಿ ನನ್ನ ಹೆಂಡತಿ ಶರಣಮ್ಮನದು ದೊಡ್ಡ ಹೆಸರು. ಆ ವರ್ಷ ಮಾತ್ರ ಕಾಲುವೆ ಮೆಟ್ಟಿಲ ಮೇಲೆ ಜಾರಿ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು.

“ಸುರಪುರದಿಂದ ನನ್ನ ತಮ್ಮನ ಹೆಂಡ್ತಿ ಫೋನ್ ಮಾಡಿದ್ಲು,” ಎಂದಳು. “‘ಕೈ ನೋವದ ಅಂತೀರಿ, ಈ ಸಲ ಭಜ್ಜಿ ನಾನೇ ತರ್ತೀನಿ ಅಕ್ಕಾರ,’ ಅಂದ್ಲು. ಹೆಂಗ ಅಂದ್ಲು ಗೊತ್ತದೇನ್ರಿ? ನಕ್ಕೋತ ಅಂದ್ಲು.”

“ತರ್ಲಿ ಬಿಡು.”

“ತರ್ಲಿ? ಒಮ್ಮೆ ಆಕಿ ಭಜ್ಜಿ ನಮ್ಮ ಹೊಲಕ್ಕ ಬಂತಂದ್ರ ಮುಂದ ವರ್ಷಾ ವರ್ಷಾ ಆಕೀದೇ ಬರ್ತದ. ಟೀಚರಮ್ಮನ ಮನ್ಯಾಗ ಕೈಯಾಗ ಹಿಡಿದು ಬ್ಯಾಳಿ ಕಡಿಯೋ ಸಣ್ಣ ಮಿಷನ್ ಅದ. ಅಂಥದ್ದು ತರ್ರಿ. ಹಗೂರ ಇರಬೇಕು, ಎಡಗೈಲೆ ಹಿಡಿಯಂಗ. ಮೆಲ್ಲಕ ತಿರಗೋ ಬಟನ್ ಇರಬೇಕು. ನಮ್ಮ ಬೋಗಾಣ್ಯಾಗ ಅದರ ಬಾಯಿ ಮುಳಗಬೇಕು. ಇಷ್ಟು ನೋಡ್ರಿ ಸಾಕು.”

ಮೋಟರಿನ ವಿಷಯದಲ್ಲಿ ನನಗೆ ಉಪದೇಶ! ನಕ್ಕು ಬಸ್ಸು ಹತ್ತಿದೆ.

ಅಂಗಡಿಯವನು ಬೆಳ್ಳಗಿನ, ಕೈಟಾರ್ಚಿನಷ್ಟೇ ದಪ್ಪದ ಒಂದು ವಸ್ತುವನ್ನು ಮುಂದಿಟ್ಟ. ನಮ್ಮೂರಲ್ಲಿ ಅಂಥದ್ದನ್ನು ಹಿಡಿದು ರಾತ್ರಿ ಹೊಲಕ್ಕೆ ಹೋಗುತ್ತೇವೆ.

“ಇದು ಎಷ್ಟು ಎಚ್.ಪಿ.?” ಎಂದೆ. ಯಾವ ಮೋಟರಿಗಾದರೂ ನಾನು ಮೊದಲು ಕೇಳುವುದು ಅದನ್ನೇ.

“ಎಚ್.ಪಿ. ಎಲ್ಲಿಂದ ಬರಬೇಕ್ರಿ ಗೌಡ್ರ, ಇದು ಬ್ಯಾಳಿ ಕಡಿಯೋದು.”

“ಎಷ್ಟು ಎತ್ತರಕ್ಕ ಎತ್ತತದ?”

“ಯಾಕ ಎತ್ತಬೇಕ್ರಿ? ಬ್ಯಾಳಿ ಬೋಗಾಣ್ಯಾಗೇ ಇರಬೇಕಲ್ರಿ.”

ಇವನಿಗೆ ಯಂತ್ರಜ್ಞಾನವಿಲ್ಲವೆಂದು ತೀರ್ಮಾನಿಸಿ, “ಇದಕ್ಕಿಂತ ಗಟ್ಟೀದು ತೋರಿಸು,” ಎಂದೆ. ಅವನು ಒಳಗಿನಿಂದ ಉಕ್ಕಿನದೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದ. ಉದ್ದ ನನ್ನ ತೋಳಿನಷ್ಟು, ತೂಕ ಹಸುಗೂಸಿನಷ್ಟು. “ಇದು ಲಗ್ನದ ಅಡಗಿಯವರು ಒಯ್ಯೋದ್ರಿ,” ಎಂದ. ಅದಕ್ಕೆ ಒಂದೇ ವೇಗ. ಬಲ ಇದ್ದವನು ಮೆಲ್ಲಗೇಕೆ ತಿರುಗಬೇಕು? ಓಡಿಸಿ, ಬೆನ್ನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದೆ.

“ನಡೀತದ.”

ಅಂಗಡಿಯವನು ಬಿಲ್ಲು ಬರೆದ. ಬರುವಾಗ ಕಂಡಕ್ಟರು, “ಬೋರಿಂದೇನ್ರಿ?” ಎಂದು ಕೇಳಿದ. ಎದೆ ಉಬ್ಬಿತು.

ಶರಣಮ್ಮ ಅದನ್ನು ಮೇಲಿಂದ ಕೆಳಗೆ ನೋಡಿದಳು. “ಎಡಗೈಲೆ ಹಿಡಿಯೋದು ಅಂದಿದ್ದೆ.”

“ನೀ ಯಾಕ ಹಿಡೀತಿ? ನಾ ಇಲ್ಲೇನು?”

“ಅದಕ್ಕೇ ಅಂಜಿಕಿ ಬಂದದ,” ಎಂದಳು.

ಅಮವಾಸ್ಯೆಯ ಬೆಳಿಗ್ಗೆ ಕಾಳು ಬೆಂದು ಬೋಗುಣಿ ಕೆಳಗಿಳಿಯಿತು. ಪಕ್ಕದ ಮನೆಯ ಮಲ್ಲಣ್ಣ ಯಂತ್ರ ನೋಡಲೆಂದೇ ಬಂದು ಬಾಗಿಲಲ್ಲಿ ನಿಂತಿದ್ದ. ಪೈಪಿನ ಬಾಯಿ ನೀರಲ್ಲಿ ಪೂರ್ತಿ ಮುಳುಗದೆ ಮೋಟರು ಚಾಲೂ ಮಾಡಬಾರದೆಂದು ಇಡೀ ಊರಿಗೆ ಬೈದು ಹೇಳಿಕೊಟ್ಟವನು ನಾನು. ಅದೇ ನಾನು, ಅಗಲವಾದ ಆ ಬೋಗುಣಿಯಲ್ಲಿ ಯಂತ್ರದ ಬಾಯಿ ಅರ್ಧ ಮೇಲೆ ಇಣುಕುತ್ತಿರುವಾಗಲೇ ಬಟನ್ ಒತ್ತಿದೆ.

ಎಷ್ಟು ಎತ್ತರಕ್ಕೆ ಎತ್ತುತ್ತದೆ ಎಂದು ಅಂಗಡಿಯಲ್ಲಿ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ನಮ್ಮ ಮನೆಯ ಜಂತಿಯವರೆಗೆ.

ಅವರೆ ಕಾಳು ಗೋಡೆಗೆ, ಶೇಂಗಾ ದೇವರ ಗೂಡಿಗೆ, ಮೆಂತ್ಯ ಸೊಪ್ಪು ನನ್ನ ಮೀಸೆಗೆ ಹೋಗಿ ನೆಲೆಸಿದವು. ಬಾಗಿಲಿನಿಂದ ಮಲ್ಲಣ್ಣ ಬಹಳ ವಿನಯದಿಂದ ಕೇಳಿದ: “ಕಾಕಾ, ಬಾಯಿ ಮುಳಗಿತ್ತೋ ಇಲ್ಲೋ ನೋಡಿದ್ರೇನು?”

ಮಾನ ಉಳಿಸಿಕೊಳ್ಳಬೇಕಲ್ಲ! ಉಳಿದ ಭಜ್ಜಿಯನ್ನೆಲ್ಲ ಎತ್ತರದ ಕೊಡಕ್ಕೆ ಸುರಿದು, ಈ ಸಲ ಬಾಯಿ ಮುಳುಗಿಸಿಯೇ ಒತ್ತಿದೆ. ಒಂದು ಹನಿಯೂ ಹಾರಲಿಲ್ಲ. ಗೆದ್ದೆ ಎಂದುಕೊಂಡು ಕೊಡದೊಳಗೆ ಇಣುಕಿದೆ. ಕಾಳೂ ಇಲ್ಲ, ಶೇಂಗಾವೂ ಇಲ್ಲ. ಹಸಿರು ಅಂಟು ನುಣ್ಣಗೆ ಹೊಳೆಯುತ್ತಿತ್ತು.

ಶರಣಮ್ಮ ಬೆರಳಿಂದ ಎತ್ತಿ ನೋಡಿದಳು. “ಇದನ್ನ ಗ್ವಾಡಿಗಿ ಬಳೀರಿ. ಅರ್ಧಾ ಆಗ್ಲೇ ಬಳದೀರಿ.”

ಸುರಪುರದವರು ಬರುವ ಹೊತ್ತಾಗಿತ್ತು. ಆ ನಗು, ಆ ಡಬ್ಬಿ, ಆ ಭಜ್ಜಿ, ಎಲ್ಲ ಕಣ್ಣ ಮುಂದೆ ಬಂದು ನನಗೇ ಅಳು ಬರುವಂತಾಯಿತು. ಶರಣಮ್ಮ ಮಾತ್ರ ಒಳಗೆ ಹೋಗಿ ಇನ್ನೊಂದು ಬೋಗುಣಿ ತಂದಿಟ್ಟಳು. ಅದರ ತುಂಬ ಬೆಂದ ಕಾಳು.

“ಇದೆಲ್ಲಿತ್ತು?”

“ನಿಮ್ಮ ಜೋಡಿ ಸಂಸಾರ ಮಾಡೀನ್ರಿ. ಅರ್ಧಾ ಮದಲೇ ತಗದಿಟ್ಟಿದ್ದೆ.” ಗೂಟಕ್ಕೆ ತೂಗುಹಾಕಿದ್ದ ಕಡಗೋಲನ್ನು ಎಡಗೈಯಿಂದ ಕಿತ್ತು ನನ್ನ ತೊಡೆಯ ಮೇಲೆ ಇಟ್ಟಳು. “ಕೂಡ್ರಿ. ಮೆಲ್ಲಕ. ಮೆಲ್ಲಕ ಅಂದ್ರ ಗೊತ್ತದಿಲ್ಲೋ? ಶೇಂಗಾ ಹಲ್ಲಿಗಿ ಸಿಗಬೇಕು. ಹಾಂ, ಈಗ ಬಿಡ್ರಿ. ಬಿಡ್ರಿ ಅಂದೆ.”

ಹೊಲದಲ್ಲಿ ಶರಣಮ್ಮನ ತಮ್ಮನ ಹೆಂಡತಿ ಮೊದಲ ತುತ್ತು ಬಾಯಿಗಿಟ್ಟು, ತಾನು ತಂದ ಡಬ್ಬಿಯನ್ನು ಮೆಲ್ಲಗೆ ಸೆರಗಿನ ಹಿಂದಕ್ಕೆ ಸರಿಸಿದಳು. “ಕೈ ನೋವಿದ್ರೂ ಇಷ್ಟು ಚಂದ ಹೆಂಗ ಕಡದ್ರಿ ಅಕ್ಕಾರ?”

“ಮಿಷನ್ ಅದವ್ವಾ. ವೈರಿಲ್ಲ, ಬಟನಿಲ್ಲ, ಕರೆಂಟ್ ಹೋದ್ರೂ ತಿರಗತದ.”

“ಯಾ ಅಂಗಡ್ಯಾಗ ಸಿಗ್ತದ್ರಿ?”

“ಅಂಗಡ್ಯಾಗ ಇಲ್ಲ.” ಕೈಯಲ್ಲಿದ್ದ ರೊಟ್ಟಿಯಿಂದ ನನ್ನತ್ತ ತೋರಿಸಿದಳು. “ನಮ್ಮಪ್ಪ ಆರಿಸಿ ತಂದದ್ದು. ಪಾಪ, ಎಚ್.ಪಿ. ಕೇಳಿದ್ದಿಲ್ಲ.”

ಬದುವೆಲ್ಲ ನಕ್ಕಿತು. ಕಡೆದು ಕಡೆದು ಅಂಗೈಯಲ್ಲಿ ಎದ್ದ ಬೊಬ್ಬೆಗೆ ಉಫ್ ಎಂದು ಊದಿಕೊಳ್ಳುತ್ತ ತಲೆ ತಗ್ಗಿಸಿ ಕೂತಿದ್ದೆ. ನಮ್ಮ ಜೊತೆ ಉಣ್ಣಲು ಕೂತಿದ್ದ ಮಲ್ಲಣ್ಣ ಎದ್ದು ಬಂದು, ನನ್ನ ಬೆನ್ನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದ.

“ಸ್ವಲ್ಪ ಗಡಗಡ ಅಂತದ,” ಎಂದ. “ನಡೀತದ.”