ಜಗಲಿಯಲ್ಲಿ ಯಾರಿಗೆ ಎಷ್ಟು ಮಾತು

ನನ್ನ ಸೋದರಮಾವನಷ್ಟು ದೊಡ್ಡ ಮಾತುಗಾರ ಮಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ ಎಂದರೆ ಅವರನ್ನು ಕಂಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ! ಅವರು ಮಾವನನ್ನು ಕಂಡವರು ಮಾತ್ರ. ನಾನು ಮಾವನನ್ನು ಓದಿದವಳು.

ಮಾವನಿಗೆ ಮಾತು ಉಗ್ಗುತ್ತಿತ್ತು. ಮೊದಲ ಅಕ್ಷರ ಹೊಸ್ತಿಲಿನವರೆಗೆ ಬಂದು ನಿಂತುಬಿಡುತ್ತಿತ್ತು. ಉಳಿದವು ಒಳಗೇ ನೂಕಾಡುತ್ತಿದ್ದವು. ಅದರಿಂದ ಅವರಿಗೆ ಅಂಥ ಕಷ್ಟವೇನೂ ಇರಲಿಲ್ಲ. ಕಷ್ಟ ಇದ್ದದ್ದು ನಮ್ಮ ಜನರ ಪರೋಪಕಾರ ಬುದ್ಧಿಯಿಂದ. ಒಬ್ಬ ಮನುಷ್ಯ ಒಂದು ಶಬ್ದದಲ್ಲಿ ಸಿಕ್ಕಿಬಿದ್ದಿದ್ದಾನೆ ಎಂದರೆ ಅವನನ್ನು ಎತ್ತದೆ ಬಿಡುವವರೇ ನಾವು? ಮಾವ ಬಾಯಿ ತೆರೆದು ಒಂದಕ್ಷರ ಹೇಳುವುದರೊಳಗೆ ಎದುರಿನವರು ವಾಕ್ಯ ಕಟ್ಟಿ, ಪೂರ್ಣವಿರಾಮ ಇಟ್ಟು, ಅದಕ್ಕೆ ಉತ್ತರವನ್ನೂ ಕೊಟ್ಟು ಎದ್ದು ಹೋಗಿರುತ್ತಿದ್ದರು. ಹೀಗಾಗಿ ಐವತ್ತರ ಹತ್ತಿರ ಬಂದರೂ ಮಾವನಿಗೆ ಉಳಿದಿದ್ದದ್ದು ಒಂದೇ ಆಸೆ: ತಾನು ಶುರು ಮಾಡಿದ ಮಾತನ್ನು ತಾನೇ ಮುಗಿಸಬೇಕು. ಇದೇನು ಮಹಾ ಆಸೆ ಅನ್ನುತ್ತೀರಾ? ನಿಮಗೆ ಗೊತ್ತಿಲ್ಲ, ಸುಮ್ಮನೆ ಕೇಳಿ.

ಅತ್ತಾವರದ ಒಂದು ಹೋಟೆಲಿನಲ್ಲಿ ಅವರ ಬೆಳಗಿನ ತಿಂಡಿ. ಬಾಳೆಹಣ್ಣು ಹಾಕಿ ಕರಿದ ಬನ್ಸ್ ಎಂದರೆ ಮಾವನಿಗೆ ಪ್ರಾಣ. ಆದರೆ ಅಲ್ಲಿನ ಮಾಣಿ ಭಾರೀ ಚುರುಕು. ಮಾವನ ತುಟಿ ಸೇರಿದ ಕೂಡಲೇ ಅವನು ಒಳಕ್ಕೆ ತಿರುಗಿ ಒಂದು ಪ್ಲೇಟ್ ಬಜ್ಜಿಗೆ ಕೂಗಿ ಆಗುತ್ತಿತ್ತು. ಅಲ್ಲಪ್ಪಾ ಎಂದು ತಿದ್ದಲು ಹೊರಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ! ಅದಕ್ಕಿಂತ ಬಜ್ಜಿ ತಿನ್ನುವುದೇ ಸುಲಭ. ವರ್ಷಗಟ್ಟಲೆ ತಿಂದು ಎದೆಯುರಿ ತಂದುಕೊಂಡರು. ಡಾಕ್ಟರರ ಹತ್ತಿರ ಹೋದರೆ ಅವರೂ ಪುಣ್ಯಾತ್ಮರು, ರೋಗವನ್ನು ತಾವೇ ಹೇಳಿಬಿಟ್ಟರು. ಮಾವ ಮಂಡಿನೋವಿನ ಮಾತ್ರೆ ಹಿಡಿದುಕೊಂಡು ಮನೆಗೆ ಬಂದರು.

ಇದು ನಗುವ ಕಥೆ. ಇನ್ನೊಂದು ಉಂಟು, ಅದಕ್ಕೆ ನಗಬೇಕೋ ಬೇಡವೋ ನನಗೆ ಇವತ್ತಿಗೂ ತಿಳಿದಿಲ್ಲ. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಲಂಗ ಹಾಕುವ ಕಾಲದಲ್ಲಿ, ಮಾವನಿಗೆ ಹುಡುಗಿ ನೋಡಲು ಹೋಗಿದ್ದರಂತೆ. ತಿಂಡಿ ಕಾಫಿ ಎಲ್ಲ ಆದ ಮೇಲೆ ಹುಡುಗಿಯ ಕಡೆಯ ಹಿರಿಯರು ನೇರವಾಗಿ ಮಾವನನ್ನೇ ಕೇಳಿದರು, ಎಂತ, ಒಪ್ಪಿಗೆಯಾ ಎಂದು. ಮಾವ ಮುಖ ಅರಳಿಸಿಕೊಂಡು “ನ… ನನಗೆ…” ಎಂದು ಹೊರಟರು. ಪಕ್ಕದಲ್ಲಿ ನನ್ನ ಅಮ್ಮ ಕೂತಿದ್ದಳು, ಅವರ ಅಕ್ಕ. ತಮ್ಮ ಹತ್ತು ಜನರ ಎದುರು ಒದ್ದಾಡುವುದನ್ನು ನೋಡಲಾರದೆ, “ಅವನಿಗೆ ಆಲೋಚನೆ ಮಾಡ್ಲಿಕ್ಕೆ ಸ್ವಲ್ಪ ಟೈಮ್ ಬೇಕಂತೆ” ಅಂದುಬಿಟ್ಟಳು. ಆಲೋಚನೆ ಮಾಡುವ ಅಳಿಯ ಯಾರಿಗೆ ಬೇಕು? ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಮಾವ ಆವತ್ತು ಏನು ಹೇಳಲು ಹೊರಟಿದ್ದರೆಂದು ಅಮ್ಮ ಎಂದೂ ಕೇಳಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ.

ಹೀಗೆ ಮಾವ ಒಂಟಿಯಾಗಿ ಶಕ್ತಿನಗರದ ಬಾಡಿಗೆ ಮನೆಯಲ್ಲಿ ಉಳಿದರು. ಅಲ್ಲಿ ನೆರೆಯವರು ಬೆಳಿಗ್ಗೆ ಬೇಲಿಯಾಚೆಯಿಂದ “ಚಾ ಆಯ್ತಾ? ಆಗಿರ್ಬೇಕು. ಸೆಕೆ ಅಲ್ವಾ? ಸೆಕೆಯೇ” ಎಂದು ಎರಡೂ ಕಡೆಯ ಮಾತನ್ನು ತಾವೇ ಆಡಿ ಮುಗಿಸುತ್ತಿದ್ದರು. ಮಾವನ ಪಾಲಿಗೆ ತಲೆಯಾಡಿಸುವ ಕೆಲಸ. ಸಂಜೆ ಮನೆಗೆ ಬಂದರೆ ರೇಡಿಯೋ ಹಾಕಿ ಕೂರುತ್ತಿದ್ದರು. ಇಡೀ ಊರಿನಲ್ಲಿ ಅವರ ವಾಕ್ಯ ಪೂರ್ತಿ ಮಾಡದೆ ಇದ್ದದ್ದು ಅದೊಂದೇ.

ಈಗ ಧಣಿಯ ವಿಷಯ ಹೇಳಬೇಕು. ಬಂದರಿನಲ್ಲಿ ಬೆಲ್ಲ, ಮೆಣಸು, ಒಣಮೀನುಗಳ ಸಗಟು ವ್ಯಾಪಾರಿ. ಮಾವನ ಶಾಲೆಯ ಜೊತೆಗಾರ. ಶಾಲೆಯಲ್ಲಿ ಮಾಸ್ತರರು ಮಾವನಿಗೆ ಪ್ರಶ್ನೆ ಕೇಳಿದರೆ ಎದ್ದು ಉತ್ತರ ಕೊಡುತ್ತಿದ್ದವರು ಇದೇ ಧಣಿ. ಉತ್ತರ ತಪ್ಪಾದರೆ ಪೆಟ್ಟು ಮಾತ್ರ ಮಾವನಿಗೆ! ಎಂಬತ್ತರ ದಶಕದ ಕೊನೆಗೆ, ಪೇಟೆಯಲ್ಲೆಲ್ಲ ಕಂಪ್ಯೂಟರ್ ಕಂಪ್ಯೂಟರ್ ಎಂಬ ಗುಲ್ಲು ಎದ್ದಾಗ, ಧಣಿಗೂ ಒಂದು ಬೇಕೆನಿಸಿತು. ಮಾವ ಬೊಂಬಾಯಿಯ ಕಂಪೆನಿಯೊಂದರಲ್ಲಿ ಆ ವಿದ್ಯೆ ಕಲಿತು ಬಂದಿದ್ದರು. ಗೋಡೌನಿನ ಮಾಳಿಗೆಯ ಮೇಲೆ ಕೋಣೆ ಸಿದ್ಧವಾಯಿತು. ಒಂದು ದೊಡ್ಡ ಯಂತ್ರ, ಅದಕ್ಕೆ ಜೋಡಿಸಿದ ಹಸಿರು ಅಕ್ಷರದ ಪರದೆಗಳು, ಯಂತ್ರಕ್ಕೆ ಸೆಕೆಯಾಗಬಾರದೆಂದು ಒಂದು ಎಸಿ. ಯಾವ ದೋಣಿಯಲ್ಲಿ ಏನು ಬಂತು, ಯಾವ ಲಾರಿಯಲ್ಲಿ ಏನು ಹೋಯಿತು ಎಂದು ಹೇಳುವ ಪ್ರೋಗ್ರಾಮನ್ನು ಅಲ್ಲಿ ನಾವೇ ತಯಾರಿಸಬೇಕಿತ್ತು. ನಾವು ಎಂದರೆ ಮಾವ, ಹೊಸ ಇಂಜಿನಿಯರ್ ಸತೀಶ, ಟೈಪಿಂಗಿಗೆ ಫ್ಲೇವಿ ಬಾಯಿ, ಮತ್ತೆ ಬಿಕಾಂ ಮುಗಿಸಿ ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿದ್ದ ನಾನು.

ಮಾವ ಪ್ರೋಗ್ರಾಮಿಗಿಂತ ಮೊದಲು ಮಾಡಿದ್ದು ಒಂದು ಜಗಲಿಯನ್ನು. ಯಂತ್ರದೊಳಗೇ ಒಂದು ಜಾಗ. ಕೆಲಸದ ಬಗ್ಗೆ ಯಾರಿಗೆ ಏನು ಹೇಳಬೇಕಿದ್ದರೂ ಅಲ್ಲಿ ಬರೆಯಬೇಕು, ಎಲ್ಲರೂ ತಮ್ಮ ಪರದೆಯಲ್ಲಿ ಓದಬೇಕು, ಉತ್ತರ ಇದ್ದರೆ ಅದರ ಕೆಳಗೆ ಬರೆಯಬೇಕು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದು. ನಾವು ಕೂತಿದ್ದದ್ದೋ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ! ಪಕ್ಕದಲ್ಲಿರುವವನನ್ನು ಬಾಯಿಯಲ್ಲಿ ಕೇಳಿದರೆ ಮುಗಿಯುವ ಮಾತಿಗೆ ಇಷ್ಟೊಂದು ಸರ್ಕಸ್ ಎಂತಕ್ಕೆ ಎಂದು ಸತೀಶ ಕೇಳಿದ. ಮಾವ ತುಟಿ ಬಿಚ್ಚದೆ ಜಗಲಿಯಲ್ಲಿ ಬರೆದರು: “ಪ್ರಶ್ನೆ ಒಳ್ಳೆಯದುಂಟು. ಜಗಲಿಯಲ್ಲಿ ಕೇಳಿ.”

ಕೇಳುವುದು ಹೇಗೆ? ಜಗಲಿಯಲ್ಲಿ ಕಂಡವರೆಲ್ಲ ಬರೆಯುವಂತಿರಲಿಲ್ಲ. ಓದಲು ಒಂದು ಅನುಮತಿ, ಬರೆಯಲು ಒಂದು, ತಾನು ಬರೆದದ್ದನ್ನು ಅಳಿಸಲು ಇನ್ನೊಂದು. ಯಾರಿಗೆ ಯಾವುದು ಎಂದು ಗೊತ್ತುಮಾಡಲು ಮಾವ ತೆಗೆದುಕೊಂಡಷ್ಟು ದಿನ ಜಾತಕ ನೋಡುವ ಭಟ್ಟರೂ ತೆಗೆದುಕೊಳ್ಳಲಿಕ್ಕಿಲ್ಲ. ಸತೀಶನಿಗೆ ಮೊದಲು ಸಿಕ್ಕಿದ್ದು ಓದುವ ಅನುಮತಿ ಮಾತ್ರ. ಬರೆಯುವ ಅನುಮತಿ ಬೇಕಾದರೆ ಅರ್ಜಿ ಹಾಕಬೇಕು. ಅರ್ಜಿ ಎಲ್ಲಿ ಹಾಕಬೇಕು? ಜಗಲಿಯಲ್ಲಿ! ಬರೆಯುವ ಅನುಮತಿ ಇಲ್ಲದವ ಅರ್ಜಿ ಬರೆಯುವುದೆಲ್ಲಿಂದ? ಪಾಪದ ಹುಡುಗ ಬಾಯಿಯಲ್ಲಿ ಕೇಳಿದ, ಮಾವ ಕಿವಿ ಮುಚ್ಚಿಕೊಂಡರು. ಕೊನೆಗೆ ಅವನ ಅರ್ಜಿಯನ್ನು ನಾನು ಬರೆದು ಹಾಕಿದೆ. ಅವನಿಗೆ ಅನುಮತಿ ಬಂತು, ನನ್ನದು ಹೋಯಿತು. ಇನ್ನೊಬ್ಬರ ಮಾತನ್ನು ಇವಳು ಆಡಿದ್ದಾಳೆ, ಒಂದು ವಾರ ಓದಿಕೊಂಡಿರಲಿ ಎಂದು ತೀರ್ಪು. ಸ್ವಂತ ಸೋದರಸೊಸೆ ಎನ್ನುವ ದಾಕ್ಷಿಣ್ಯವೂ ಇಲ್ಲ.

ಫ್ಲೇವಿ ಬಾಯಿಯದು ಇನ್ನೂ ಮಜಾ. ಅವರ ಬಾಯಿಯೆಂದರೆ ಬಂದರಿನ ಮೀನು ಮಾರ್ಕೆಟ್ಟೇ ಎದ್ದು ದಾರಿ ಬಿಡಬೇಕು. ಇವರು ಬರೆಯಲು ಕೂತರೆ ಉಳಿದವರಿಗೆ ಜಾಗ ಇರುವುದಿಲ್ಲ ಎಂದು ಮಾವ ಅವರಿಗೆ ಓದುವ ಅನುಮತಿ ಬಿಟ್ಟು ಬೇರೇನೂ ಕೊಡಲಿಲ್ಲ. ಆದರೆ ಜಗಲಿಯಲ್ಲಿ ಮಾವ ಬರೆಯುತ್ತಿದ್ದದ್ದನ್ನು ಓದಿ ನಗದೆ ಇರುವುದು ಹೇಗೆ? ಕರಗಿದ ಬೆಲ್ಲವನ್ನು ಸ್ಟಾಕಿನಲ್ಲಿ ತೋರಿಸಬೇಕೋ, ಇರುವೆಗಳ ಹೆಸರಿಗೆ ಬರೆಯಬೇಕೋ ಎಂದು ಮಾವನಿಗೂ ಸತೀಶನಿಗೂ ನಡೆದ ವಾದ ಇದೆಯಲ್ಲ, ಅದನ್ನು ಓದಿ ಫ್ಲೇವಿ ಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೂಡಲೇ ಪರದೆಯಲ್ಲಿ ಆಜ್ಞೆ ಬಂತು: “ನಗುವುದೂ ಉತ್ತರವೇ. ಓದುವ ಅನುಮತಿ ಮಾತ್ರ ಇದ್ದವರು ಮನಸ್ಸಿನಲ್ಲಿ ನಗಬೇಕು.” ಅವರು ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದರು.

ಆಗಲೇ ನಮಗೆ ಮಾವ ಯಾರೆಂದು ಗೊತ್ತಾದದ್ದು. ಇಷ್ಟು ಚುರುಕು, ಇಷ್ಟು ತುಂಟತನ, ಇಷ್ಟು ಮಾತು! ಐವತ್ತು ವರ್ಷ ಇದನ್ನೆಲ್ಲ ಇವರು ಎಲ್ಲಿ ಇಟ್ಟುಕೊಂಡಿದ್ದರು? ಎರಡು ಬೆರಳಲ್ಲಿ ಕುಟ್ಟುತ್ತಾ, ಕುಟ್ಟುತ್ತಾ, ವಾಕ್ಯದ ಕೊನೆಗೆ ಚುಕ್ಕೆ ಇಡುವಾಗ ಕೀಲಿಯನ್ನು ಗಟ್ಟಿಯಾಗಿ ಒತ್ತಿ, ಒಂದು ಕ್ಷಣ ಕುರ್ಚಿಗೆ ಒರಗುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು.

ಭಾನುವಾರ ಆಫೀಸಿಗೆ ರಜೆ. ಮಾವನಿಗೆ ಎಲ್ಲಿಯ ರಜೆ? ಸೋಮವಾರ ಬಂದು ನೋಡಿದರೆ ಜಗಲಿಯ ತುಂಬಾ ಅವರದೇ ಬರಹ. ಒಬ್ಬರೇ ಬಂದು ಆ ತಣ್ಣಗಿನ ಕೋಣೆಯಲ್ಲಿ ಕೂತು ನಮ್ಮೆಲ್ಲರನ್ನೂ ವಿಚಾರಿಸಿಕೊಂಡು ಹೋಗಿರುತ್ತಿದ್ದರು. ಸತೀಶನಿಗೆ ಜ್ವರ ಬಿಟ್ಟಿತೇ? ಅಕ್ಕ ಮೊನ್ನೆ ಕಳಿಸಿದ ಪತ್ರೊಡೆ ಚೆನ್ನಾಗಿತ್ತು, ಹೇಳು. ಮತ್ತೊಂದು ಹೀಗಿತ್ತು: “ಫ್ಲೇವಿ ಬಾಯಿ, ನಿಮ್ಮ ತಾಯಿಯ ಕಾಲು ಹೇಗುಂಟು? ನೀವು ಉತ್ತರ ಕೊಡಬೇಕಾಗಿಲ್ಲ, ನಿಮಗೆ ಅನುಮತಿಯೂ ಇಲ್ಲ. ಆದರೂ ಕೇಳಿದೆ.” ಫ್ಲೇವಿ ಬಾಯಿ ಆ ದಿನ ನಗಲಿಲ್ಲ. ನನಗೆ ಶಕ್ತಿನಗರದ ಆ ಮನೆ, ಆ ರೇಡಿಯೋ ನೆನಪಾಯಿತು.

ಇಂಥ ಸುಖಕ್ಕೆ ಕಲ್ಲು ಬೀಳದೆ ಇರುತ್ತದೆಯೇ? ದೋಣಿ ಸರಕು ತುಂಬಿಕೊಂಡು ಆಚೆ ಊರಿನಿಂದ ಹೊರಟ ಕೂಡಲೇ ಚೀಲಗಳನ್ನು ಇಲ್ಲಿ ಸ್ಟಾಕಿನಲ್ಲಿ ತೋರಿಸಬೇಕು ಎಂದು ಧಣಿಯ ಅಪ್ಪಣೆ ಆಯಿತು. ಸಮುದ್ರದಲ್ಲಿ ತೇಲುವ ಬೆಲ್ಲವನ್ನು ಗೋಡೌನಿನಲ್ಲಿ ತೋರಿಸುವುದು ಶುದ್ಧ ದಡ್ಡತನ ಎಂದು ಸತೀಶ ಜಗಲಿಯಲ್ಲಿ ಬರೆದ. ಬಿಸಿ ರಕ್ತ! ಕೆಳಗೆ ಧಣಿಯ ಮೇಜಿನ ಮೇಲೂ ಒಂದು ಪರದೆ, ಅದರಲ್ಲಿ ಅವರಿಗೂ ಓದುವ ಅನುಮತಿ ಇತ್ತು, ಓದಿದರು. ಓದಿ ಮಾಳಿಗೆ ಮೆಟ್ಟಿಲು ನಡುಗುವಂತೆ ಹತ್ತಿ ಬಂದರು. ಅವರು ತೆಗೆಯಬೇಕೆಂದದ್ದು ಸತೀಶನನ್ನಲ್ಲ, ಆ ‘ದಡ್ಡತನ’ ಎಂಬ ಶಬ್ದವನ್ನು ಮಾತ್ರ. ಅದನ್ನು ತೆಗೆದು ಅಲ್ಲಿ ‘ಕಷ್ಟ’ ಎಂದು ಹಾಕಬೇಕು, ತಾನೇ ಹಾಕುತ್ತೇನೆ, ಅದಕ್ಕೆ ಅನುಮತಿ ಕೊಡು.

“ಮನೆ ನನ್ನದು, ಕರೆಂಟು ನನ್ನದು, ಎಸಿ ನನ್ನದು. ಒಂದು ಶಬ್ದ ತಿದ್ಲಿಕ್ಕೆ ನನಗೆ ಅಧಿಕಾರ ಇಲ್ವಾ ಮಾರಾಯ?”

ಮಾವ ಪರದೆಯ ಕಡೆ ತಿರುಗಿ ನಿಧಾನವಾಗಿ ಕುಟ್ಟಿದರು. ಧಣಿ ಅವರ ಹೆಗಲ ಮೇಲಿಂದ ಒಂದೊಂದೇ ಅಕ್ಷರ ಓದಿದರು: “ನಿನಗೆ ಓದಲಿಕ್ಕೆ ಉಂಟು. ಬರೆಯಲಿಕ್ಕೆ ಬೇಕಾದರೆ ಈಗಲೇ ಕೊಡುತ್ತೇನೆ. ಇನ್ನೊಬ್ಬರ ಮಾತನ್ನು ತಿದ್ದುವ ಅನುಮತಿ ಇಲ್ಲಿ ಯಾರಿಗೂ ಇಲ್ಲ. ನನಗೂ ಇಲ್ಲ.” ಅದು ನಿಜ. ಯಂತ್ರ ನೋಡಿಕೊಳ್ಳುವವನಿಗೆ ಅದರ ಎಲ್ಲ ಬಾಗಿಲೂ ತೆರೆಯುತ್ತದೆ. ಆ ಒಂದು ಬಾಗಿಲನ್ನು ಮಾವ ತನಗೂ ಇಲ್ಲದ ಹಾಗೆ ಮುಚ್ಚಿಕೊಂಡಿದ್ದರು. ಒಂದು ಶಬ್ದ ಬಿಟ್ಟುಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅಮ್ಮ ಆಮೇಲೆ ಬೈದಳು. ಬೇರೆ ಯಾರೇ ಬೈದರೂ ಸರಿ, ಅಮ್ಮ ಆ ಮಾತು ಹೇಳಬಾರದಿತ್ತು ಎಂದು ನನಗನಿಸಿತು.

ಧಣಿ ಕೆಟ್ಟವರಲ್ಲ, ಹಟದವರು. ಬೊಂಬಾಯಿಯಿಂದ ಒಂದು ಚಿಕ್ಕ ಯಂತ್ರವೂ ಸಿದ್ಧ ಪ್ರೋಗ್ರಾಮೂ ಬರುವುದೆಂದು ಗೊತ್ತಾಯಿತು. ಅದನ್ನು ಫ್ಲೇವಿ ಬಾಯಿ ಒಬ್ಬರೇ ನಡೆಸಬಹುದು, ಮಾವನೂ ನಾನೂ ಬೇಕಾಗಿಲ್ಲ, ಅದರಲ್ಲಿ ಜಗಲಿ ಗಿಗಲಿ ಏನೂ ಇಲ್ಲ. ಸತೀಶನಿಗೆ ಬೇರೆ ಕೆಲಸ ಸಿಕ್ಕಿತು. ನಮ್ಮ ಯಂತ್ರದ ವಯರು ಬಿಚ್ಚಿ, ಪರದೆಗಳನ್ನು ಗೋಣಿ ಸುತ್ತಿ ಕಟ್ಟಿ, ಕೊಂಡೊಯ್ಯಲು ಕೆಳಗೆ ಲಾರಿ ನಿಂತಿತು. ಎಸಿ ನಿಲ್ಲಿಸಿದ್ದರಿಂದ ಆ ಕೋಣೆಗೆ ಮೊದಲ ಬಾರಿ ಕೆಳಗಿನ ಒಣಮೀನಿನ ವಾಸನೆ ಬಂತು. ಧಣಿ ಎಲ್ಲರಿಗೂ ಒಂದು ಮಾತು ಹೇಳಿ ಕಳಿಸಲು ಮೇಲೆ ಬಂದರು. ಹೇಳಿದರು, ಏನೋ ಉಪಚಾರದ ಮಾತು. ಆಗ ಮಾವ ಎದ್ದು ನಿಂತರು. ಕುಟ್ಟಲು ಎದುರಿಗೆ ಏನೂ ಇರಲಿಲ್ಲ.

“ನಾ… ನಾ…”

“ನಾಳೆ ಬಂದು ಲೆಕ್ಕ ಚುಕ್ತಾ ಮಾಡ್ತೇನೆ ಅಂತ ತಾನೆ? ಆಯ್ತಾಯ್ತು” ಅಂದರು ಧಣಿ.

ಮಾವ ಅಲ್ಲವೆಂದು ತಲೆಯಾಡಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಧಣಿಯ ಬಾಯಿ ಮತ್ತೆ ತೆರೆಯಿತು. ಅಷ್ಟರಲ್ಲಿ ಫ್ಲೇವಿ ಬಾಯಿ, ತನ್ನ ಸಂಬಳ ಕೊಡುವ ಧಣಿಯ ಕಡೆ ಕೈ ಅಡ್ಡ ಹಿಡಿದು, “ಅವರೇ ಹೇಳ್ಲಿ” ಅಂದರು. ಅಷ್ಟೇ. ಧಣಿ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ಕೆಳಗೆ ಲಾರಿಯವನು ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಮಾವನ ಕುತ್ತಿಗೆಯ ನರ ಉಬ್ಬಿತು, ಬೆವರು ಇಳಿಯಿತು, ಒಂದು ಶಬ್ದ ಬಂತು, ನಿಂತಿತು, ಇನ್ನೊಂದು ಬಂತು. ಲಾರಿಯವನು ಮತ್ತೆ ಹೊಡೆದ. ನಾವು ಕಾದೆವು. ನಮ್ಮ ಕುಟುಂಬದಲ್ಲಿ ಯಾರೂ ಅವರಿಗಾಗಿ ಅಷ್ಟು ಹೊತ್ತು ಕಾದದ್ದಿಲ್ಲ. ಮಾವ ಆ ವಾಕ್ಯವನ್ನು ಕೊನೆಯವರೆಗೂ ತಂದು ಮುಗಿಸಿದರು:

“ನಾಳೆಯಿಂದ ನಾನು ಯಾರ ಹತ್ತಿರ ಮಾತಾಡುವುದು?”

ಶಾಲೆಯಿಂದ ಇಲ್ಲಿಯವರೆಗೆ ಮಾವನ ಪರವಾಗಿ ಉತ್ತರ ಕೊಡುತ್ತಾ ಬಂದ ಧಣಿ ತಲೆ ತಗ್ಗಿಸಿಕೊಂಡು ಕೂತಿದ್ದರು. ಮುಖ ಎತ್ತಿದಾಗ ಕಣ್ಣು ಕೆಂಪಾಗಿತ್ತು.

“ನೀನು… ನನ್ನ…” ಎಂದರು. ಮುಂದೆ ಬರಲಿಲ್ಲ. ಮತ್ತೆ “ನನ್ನ…” ಎಂದರು, ಮತ್ತೆ ನಿಂತಿತು.

ಮುಂದಿನ ಶಬ್ದ ಮಾವನ ಪ್ರಶ್ನೆಯಲ್ಲೇ ಇತ್ತು. ಅದು ಯಾವುದೆಂದು ನನಗೆ ಗೊತ್ತಿತ್ತು, ಫ್ಲೇವಿ ಬಾಯಿಗೆ ಗೊತ್ತಿತ್ತು. ಮಾವನಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಆದರೆ ಅವರು ಹೇಳಲಿಲ್ಲ. ಧಣಿಯ ಎದುರಿಗೆ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಕೂತು, ಗೆಳೆಯನ ಮುಖ ನೋಡುತ್ತಾ, ಆ ಮಾತು ಮುಗಿಯುವವರೆಗೆ ಕಾದರು.