ಹುಳುಮನೆಯ ಹಳೇ ಸೆಟ್ಟುಗಳು

ಹಳೆಯದನ್ನು ಎಸೆಯುವುದಕ್ಕೆ ಮನಸ್ಸು ಗಟ್ಟಿ ಇರಬೇಕು, ಇಟ್ಟುಕೊಳ್ಳುವುದಕ್ಕೆ ಜಾಗ ಇರಬೇಕು. ನಮ್ಮ ಅಳಿಯಂದಿರಿಗೆ ಮನಸ್ಸು ಗಟ್ಟಿ ಇಲ್ಲ, ನಮ್ಮ ಮನೆಯಲ್ಲಿ ಜಾಗ ಇದೆ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ. ಗಂಡಸರಿಗೆ ಏನಾದರೊಂದು ಹುಚ್ಚು ಇದ್ದೇ ಇರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಮಾವನವರಿಗೆ ಪಾರಿವಾಳದ ಹುಚ್ಚಿತ್ತು. ನಮ್ಮ ಯಜಮಾನರಿಗೆ ಕಂಡವರ ಜಮೀನಿನ ಜಗಳಕ್ಕೆ ಹೋಗಿ ಪಂಚಾಯಿತಿ ಮಾಡುವ ಹುಚ್ಚು. ಆದರೆ ಅವೆಲ್ಲ ಮನೆಯ ಹೊರಗೆ ನಡೆಯುವಂಥವು. ಗಂಡಸು ಹೊರಗೆ ಹೋದಷ್ಟು ಹೊತ್ತು ಹೆಂಗಸಿಗೆ ಬಿಡುವು. ಅಳಿಯಂದಿರ ಹುಚ್ಚು ಮನೆಯೊಳಗೇ ಬಂದು ಕೂತಿದೆ. ಅದೂ ಅವರ ಮನೆಯೊಳಗಲ್ಲ, ನಮ್ಮ ಮನೆಯೊಳಗೆ.

ಅಳಿಯಂದಿರು ಬಿಡದಿಯಲ್ಲಿ ಕಾರಿನ ಫ್ಯಾಕ್ಟರಿಗೆ ಹೋಗುತ್ತಾರೆ. ಮಗಳು ರತ್ನ ಮತ್ತು ಅವರು ರಾಮನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಗಂಡು ನೋಡುವಾಗ ನಾವು ವಿಚಾರಿಸುವುದನ್ನೆಲ್ಲ ವಿಚಾರಿಸಿದ್ದೆವು. ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ, ಬೀಡಿ ಸೇದುತ್ತಾನಾ ಎಂದು ಅವರ ಊರಿನ ಟೀ ಅಂಗಡಿಯಲ್ಲೂ ಕೇಳಿಸಿದ್ದಾಯಿತು. ಎಲ್ಲದಕ್ಕೂ ಇಲ್ಲ ಎಂದೇ ಉತ್ತರ ಬಂತು. ಹಳೇ ಮೊಬೈಲು ಕೂಡಿಡುತ್ತಾನಾ ಎಂದು ಕೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಯಾವ ಹೆಣ್ಣಿನ ಕಡೆಯವರೂ ಕೇಳಿರಲಾರರು. ಮದುವೆಯಾದ ಮೇಲೆ ನೋಡಿದರೆ ಮಂಚದ ಕೆಳಗೆ ಮೊಬೈಲು, ಬೀರುವಿನಲ್ಲಿ ಮೊಬೈಲು, ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ತೆಗೆದರೆ ಅದರಲ್ಲಿ ಮೊಬೈಲಿನ ಬ್ಯಾಟರಿ. ರತ್ನ ನನ್ನ ಮಗಳು, ಬಾಯಿ ಸುಮ್ಮನಿರುವುದಿಲ್ಲ. "ಇವು ಇರಬೇಕು, ಇಲ್ಲ ನಾನಿರಬೇಕು" ಎಂದಳಂತೆ. ಅಳಿಯಂದಿರು ಬಹಳ ಹೊತ್ತು ಯೋಚನೆ ಮಾಡಿದರಂತೆ. ಅದೇ ಅವಳಿಗೆ ಇವತ್ತಿಗೂ ಸಿಟ್ಟು. ಕೊನೆಗೆ ಒಂದು ಭಾನುವಾರ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಬೈಕಿನ ಹಿಂದೆ ಕಟ್ಟಿ, ಚನ್ನಪಟ್ಟಣ ದಾಟಿ ನಮ್ಮ ಊರಿಗೆ ತಂದರು. ನಾನು ಆಲೂಗಡ್ಡೆ ಎಂದುಕೊಂಡು ಖುಷಿಪಟ್ಟೆ.

ನಮ್ಮ ಮನೆಯ ಹಿಂದೆ ಹುಳುಮನೆ ಇದೆ. ಮೊದಲು ರೇಷ್ಮೆಹುಳು ಸಾಕುತ್ತಿದ್ದೆವು. ಯಜಮಾನರಿಗೆ ಮಂಡಿ ನೋವು ಬಂದ ಮೇಲೆ ಬಿಟ್ಟೆವು, ತಟ್ಟೆಗಳು ಸ್ಟ್ಯಾಂಡಿನಲ್ಲಿ ಖಾಲಿ ಇದ್ದವು. ಹುಳು ಸಾಕುವ ಕಷ್ಟ ಸಾಕಿದವರಿಗೇ ಗೊತ್ತು. ಹೊತ್ತು ಹೊತ್ತಿಗೆ ಸೊಪ್ಪು, ಒಗ್ಗರಣೆಯ ಘಾಟು ಬರಬಾರದು, ಇರುವೆ ಬರಬಾರದು, ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಮುಟ್ಟಬಾರದು. ಬಿಟ್ಟಾಗ ನನಗೆ ಬಂಧನ ಬಿಟ್ಟ ಹಾಗಾಗಿತ್ತು. ಈಗ ಅದೇ ತಟ್ಟೆಗಳಲ್ಲಿ ಅಳಿಯಂದಿರು ಮೊಬೈಲು ಹರಡಿದ್ದಾರೆ. ಇಟ್ಟಿಗೆಯಂಥವು ಒಂದು ತಟ್ಟೆ, ಮಡಚುವಂಥವು ಒಂದು ತಟ್ಟೆ, ತಳ್ಳಿದರೆ ಹೊಟ್ಟೆಯೊಳಗಿಂದ ಬಟನ್ನು ಬರುವಂಥವು ಒಂದು ತಟ್ಟೆ. ಭಾನುವಾರ ಬಂದು ಸೊಪ್ಪು ಹಾಕಿದ ಹಾಗೆ ಒಂದೊಂದಕ್ಕೂ ಚಾರ್ಜು ಹಾಕುತ್ತಾರೆ. ನಾನು ಒಗ್ಗರಣೆ ಹಾಕಿದರೆ "ಅತ್ತೇವ್ರಿಗೆ ಒಸಿ ಆ ಬಾಗ್ಲು ಮುಚ್ಕೊಳಕ್ಕೇಳು, ಜಿಡ್ಡು ಕೂರ್ತದೆ" ಎಂದು ರತ್ನನಿಗೆ ಹೇಳುತ್ತಾರೆ. ಹುಳುವಾದರೆ ತಿಂಗಳು ತುಂಬುವಷ್ಟರಲ್ಲಿ ಗೂಡು ಕಟ್ಟಿ ಮಾರುಕಟ್ಟೆಗೆ ಹೋಗುತ್ತಿತ್ತು. ಇವು ಗೂಡೂ ಕಟ್ಟುವುದಿಲ್ಲ, ಹೋಗುವುದೂ ಇಲ್ಲ. ಅದರಲ್ಲಿ ಒಂದು ಸೆಟ್ಟು ದಿನಾ ಕೋಳಿ ಕೂಗುವ ಮೊದಲೇ ಅಲಾರಂ ಹೊಡೆಯುತ್ತದೆ. ಅದನ್ನು ನಿಲ್ಲಿಸಿ ಎಂದರೆ, ಹಳೇ ಯಜಮಾನ ಇಟ್ಟಿದ್ದ ಹಾಗೇ ಇದ್ದರೆ ಚೆಂದ ಎನ್ನುತ್ತಾರೆ. ಯಾರೋ ಎಂದೋ ಯಾವ ಊರಿನಲ್ಲೋ ಬೇಗ ಏಳಬೇಕು ಅಂದುಕೊಂಡಿದ್ದಕ್ಕೆ ಈಗ ನಾನು ಏಳುತ್ತಿದ್ದೇನೆ. ಅವನು ಎದ್ದಿದ್ದನೋ ಇಲ್ಲವೋ ಗೊತ್ತಿಲ್ಲ.

"ಇದಕ್ಕೆಲ್ಲ ವಿಂಟೇಜು ಅಂತಾರಂತೆ ಕಣವ್ವ. ಹಳೇದಾದಷ್ಟೂ ಮರ್ಯಾದೆ ಜಾಸ್ತಿ" ಎಂದು ರತ್ನ ವಿವರಿಸಿದಳು.

"ಹಂಗಾದ್ರೆ ನಿಮ್ಮಪ್ಪನ್ನೂ ಒಂದು ತಟ್ಟೆ ಮೇಲೆ ಮಡಗಕ್ಕೇಳು" ಎಂದೆ. ಜಗಲಿಯ ಮೇಲಿದ್ದ ಯಜಮಾನರಿಗೆ ಕೇಳಿಸಿತು. ಅವರೇನೂ ಅನ್ನಲಿಲ್ಲ. ಅವರು ಏನೂ ಅನ್ನುವುದಿಲ್ಲ ಎನ್ನುವುದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ. ಪಂಚಾಯಿತಿಯಲ್ಲಿ ಆಡಿ ಆಡಿ ಮನೆಗೆ ಮಾತು ಉಳಿಸುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸಹಿಸಿಕೊಂಡು ಹೋಗುತ್ತಿದ್ದೆ. ಆದರೆ ಅಳಿಯಂದಿರ ಕಣ್ಣು ನನ್ನ ಫೋನಿನ ಮೇಲೆ ಬಿತ್ತು. ನನ್ನದು ಬಟನ್ ಸೆಟ್ಟು. ಮೂರನೇ ಕ್ಲಾಸಿನವರೆಗೆ ಓದಿದವಳಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಒಂದನ್ನು ಅಮುಕಿ ಹಿಡಿದರೆ ರತ್ನ, ಎರಡನ್ನು ಅಮುಕಿ ಹಿಡಿದರೆ ತಿಪ್ಪಸಂದ್ರದಲ್ಲಿರುವ ನನ್ನ ತಂಗಿ ತಾಯಮ್ಮ. ತಾಯಮ್ಮನ ಹತ್ತಿರವೂ ಅಂಥದ್ದೇ ಒಂದು. ನಮ್ಮಿಬ್ಬರಿಗೂ ಒಂದು ಕರಾರಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಅವಳು ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಸಂಜೆ ದೀಪ ಹಚ್ಚಿದ ಮೇಲೆ ನಾನು ಕೊಡಬೇಕು. ಹಾಗೆಂದರೆ ಇನ್ನೂ ಇದ್ದೇನೆ ಎಂದು ಅರ್ಥ. ಯಾರೂ ಎತ್ತಬಾರದು. ಎತ್ತಿದರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ತಿಳಿದು ಹೊರಟು ಬರಬೇಕು. ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಮಾಡಿಕೊಂಡದ್ದು. ಈಗ ಮಾತು ಪುಕ್ಕಟೆಯಂತೆ, ಆದರೂ ನಾವು ಬಿಟ್ಟಿರಲಿಲ್ಲ. ಪುಕ್ಕಟೆ ಸಿಕ್ಕಿತೆಂದು ಮಾತಾಡಲೇಬೇಕೆಂದು ಎಲ್ಲೂ ಬರೆದಿಲ್ಲ.

ನಮ್ಮ ಕಡೆ ಅತ್ತೆ ಅಳಿಯ ಎದುರುಬದುರು ನಿಂತು ಮಾತಾಡುವುದು ಕಡಿಮೆ. ಅವರು ರತ್ನನಿಗೆ ಹೇಳುತ್ತಾರೆ, ನಾನು ರತ್ನನಿಗೆ ಹೇಳುತ್ತೇನೆ. ಮೂವರೂ ಒಂದೇ ಕೋಣೆಯಲ್ಲಿದ್ದರೂ ಹೀಗೆಯೇ. ಆ ದಿನ ಅಳಿಯಂದಿರು ನನ್ನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ರತ್ನನ ಕಡೆ ತಿರುಗಿದರು. "ಅತ್ತೇವ್ರು ಈ ಸೆಟ್ಟು ನಂಗೆ ಕೊಡ್ತಾರಾ ಕೇಳು." ಐದರ ಬಟನ್ನು ಸ್ವಲ್ಪ ಹಿಡಿದುಕೊಳ್ಳುತ್ತಿತ್ತು, ರಿಪೇರಿ ಮಾಡಲು ಕೇಳುತ್ತಿದ್ದಾರೆ ಎಂದುಕೊಂಡೆ ನಾನು. ಬಾಗಿಲ ಮರೆಯಿಂದ, "ಅದಕ್ಕೇನಂತೆ, ಅವರ್ದೇ ಅಂತ ತಿಳ್ಕಳಕ್ಕೇಳು" ಎಂದೆ. ಮರ್ಯಾದೆಗೆ ಆಡುವ ಮಾತು. ಊಟಕ್ಕೆ ಕೂತವರಿಗೆ ನಿಮ್ಮ ಮನೆ ಅಂದುಕೊಳ್ಳಿ ಎನ್ನುವುದಿಲ್ಲವೇ, ಹಾಗೆ. ಹಾಗೆಂದದ್ದಕ್ಕೆ ಯಾರೂ ಮನೆಯ ಪತ್ರ ಕೇಳುವುದಿಲ್ಲ. ಅಳಿಯಂದಿರು ಮಾತ್ರ ಮುಂದಿನ ಭಾನುವಾರ ಎಲೆ ಅಡಿಕೆ ಇಟ್ಟ ತಟ್ಟೆಯಲ್ಲಿ ಹೊಸ ಟಚ್ ಫೋನು ಇಟ್ಟು ತಂದು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಕೊಟ್ಟರು. ನನ್ನ ಹಳೆಯದು ಆಗಲೇ ಹುಳುಮನೆಯ ಮೇಲಿನ ತಟ್ಟೆಯಲ್ಲಿ, ಹತ್ತಿಯ ಮೇಲೆ ಮಲಗಿತ್ತು.

"ಅದು ಮಾತಿಗೆ ಅಂದಿದ್ದು ಕಣೇ" ಎಂದು ರತ್ನನನ್ನು ಹಿತ್ತಿಲಿಗೆ ಕರೆದು ಹೇಳಿದೆ.

"ಅವ್ರು ನಿಜ ಅಂತ ತಗಂಡವ್ರೆ. ಫ್ಯಾಕ್ಟ್ರಿನಾಗೆಲ್ಲ ಫೋಟೋ ತೋರ್ಸವ್ರೆ, ನಮ್ಮತ್ತೆ ಕೊಟ್ಟಿದ್ದು ಅಂತ. ಈಗ ವಾಪಸ್ ಕೊಡಿ ಅಂತ ನಾನ್ ಕೇಳಲ್ಲ, ನೀನೇ ಕೇಳು."

ಅಳಿಯನಿಗೆ ಕೊಟ್ಟದ್ದನ್ನು ಯಾವ ಬಾಯಲ್ಲಿ ಕೇಳುವುದು? ಹೊಸದನ್ನೇ ಇಟ್ಟುಕೊಂಡೆ. ಆದರೆ ಆ ಟಚ್ ಫೋನಿಗೂ ನನಗೂ ಕೂಡಿಬರಲಿಲ್ಲ. ಸೊಪ್ಪು ಕೊಯ್ದು ಕೊಯ್ದು ನನ್ನ ಬೆರಳ ತುದಿ ಸವೆದಿದೆ. ನಾನು ಒತ್ತಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಅದೇ ಸೆರಗು ತಾಗಿದರೆ ಗೊತ್ತಾಗುತ್ತದೆ. ಸಂಜೆ ತಾಯಮ್ಮನಿಗೆ ರಿಂಗ್ ಕೊಡುವುದಕ್ಕೆ ಪಕ್ಕದ ಮನೆ ಹುಡುಗಿಯನ್ನು ಕರೆಯಬೇಕು. ಅವಳು ಟ್ಯೂಷನ್ನಿಗೆ ಹೋದ ದಿನ ನಾನು ಸತ್ತ ಲೆಕ್ಕ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿತ್ತು. ಫೋನು ಗೋಡೆಯ ಗೂಡಿನಲ್ಲಿತ್ತು. ತಾಯಮ್ಮನ ರಿಂಗ್ ಬಂತು. ಫೋನು ನಡುಗುತ್ತಾ ಅಂಚಿಗೆ ಬಂದು ಇನ್ನೇನು ಬೀಳಬೇಕು, ಒದ್ದೆ ಕೈಯಲ್ಲೇ ಹಿಡಿದುಕೊಂಡೆ. ಬೀಳುವುದನ್ನು ತಪ್ಪಿಸಿದೆನೆಂದು ನಾನು ಅಂದುಕೊಂಡರೆ, ನಾನು ಫೋನು ಎತ್ತಿದೆನೆಂದು ಫೋನು ಅಂದುಕೊಂಡಿತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಫೋನನ್ನು ಅಲ್ಲೇ ಇಟ್ಟು ಬಾಯಿ ಮಾಡಿಕೊಂಡೆ. "ಅಯ್ಯೋ, ಹೋಯ್ತಲ್ಲಪ್ಪ. ಈಗ ತಾನೇ ಚೆನ್ನಾಗಿತ್ತು, ಅತ್ಲಾಗಿ ತಿರುಗೋದ್ರಾಗೆ ಹೋಗ್ಬುಡ್ತಲ್ಲ." ಯಜಮಾನರು ಅಡುಗೆಮನೆಯ ಪಕ್ಕದಲ್ಲೇ ಚಾಪೆಯ ಮೇಲೆ ಪೇಪರು ಮುಚ್ಚಿಕೊಂಡು ಮಲಗಿದ್ದರು. ಹಾಲು ನೋಡಿಕೊಳ್ಳಿ ಎಂದು ಮೊದಲೇ ಹೇಳಿದ್ದೆ. "ನೋಡಿ, ಇತ್ಲಾಗೆ ನೋಡಿ. ಬಾಯ್ಬುಟ್ಟು ಒಂದ್ ಮಾತಾರ ಆಡಿ. ಯಾಕಿಂಗೆ ಸುಮ್ನೆ ಮಲಗ್ಬುಟ್ರಿ" ಎಂದು ಕೂಗಿದೆ. ಅವರು ಏನೂ ಅನ್ನಲಿಲ್ಲ.

ತಿಪ್ಪಸಂದ್ರದಲ್ಲಿ ತಾಯಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಗಾಬರಿಯಾಗಿ ಕಟ್ ಮಾಡಿ, ಮತ್ತೆ ಮಾಡಿದಳಂತೆ. ನಾನು ಎತ್ತಲಿಲ್ಲ. ಎತ್ತಬಾರದು ಎಂದೇ ಅಲ್ಲವೇ ನಮ್ಮ ಕರಾರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ತಿರುವಿನಲ್ಲಿ ಅಳುವ ಸದ್ದು ಕೇಳಿಸಿತು. ಯಾರ ಮನೆಯಲ್ಲಪ್ಪ ಎಂದು ನಾನೂ ಹೊರಗೆ ಬಂದೆ. ತಾಯಮ್ಮ. ಮಾಗಡಿಯಲ್ಲೊಂದು ರಾಮನಗರದಲ್ಲೊಂದು ಬಸ್ಸು ಬದಲಾಯಿಸಿ, ಕೈಯಲ್ಲಿ ದೊಡ್ಡ ಹೂವಿನ ಹಾರ ಹಿಡಿದುಕೊಂಡು, ಭಾವಾ ಭಾವಾ ಎಂದು ಅಳುತ್ತಾ ಬರುತ್ತಿದ್ದಾಳೆ. ಹಿಂದೆ ಅರ್ಧ ಬೀದಿ. ಯಜಮಾನರು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಅವರ ಮುಂದೆ ಬಂದು ಅವಳು ನಿಂತಳು. ಅಳು ನಿಂತಿತು.

"ಯಾರವ್ವ ಹೋಗಿದ್ದು?" ಎಂದು ಯಜಮಾನರು ಕೇಳಿದರು.

"ನೀವೇ ಕಣ್ ಭಾವ" ಎಂದಳು.

ಅವರು ಒಂದು ಗುಟುಕು ಕಾಫಿ ಕುಡಿದು, "ಯಾವಾಗ?" ಎಂದರು.

ತಾಯಮ್ಮನ ದುಃಖವೆಲ್ಲ ನನ್ನ ಮೇಲೆ ಸಿಟ್ಟಾಗಿ ತಿರುಗಿತು. "ಯಾಕಕ್ಕ ಎತ್ತಿದ್ದು? ಎತ್ತಬಾರ್ದು ಅಂತ ನೀನೇ ಅಲ್ವಾ ಮಾಡಿದ್ದು? ದಾರಿಯುದ್ದಕ್ಕೂ ಅತ್ತಿದ್ದೀನಿ. ಬಸ್ಸಿನೋರೆಲ್ಲ ನಂಗೆ ಸೀಟು ಬುಟ್ಕೊಟ್ರು." ಅಳಿಯಂದಿರು ಹುಳುಮನೆಯಿಂದ ಚಾರ್ಜರು ಹಿಡಿದುಕೊಂಡೇ ಓಡಿ ಬಂದರು. ನಾನು ಎಲ್ಲವನ್ನೂ ಹೇಳಿದೆ. ಹಾಲು, ಒದ್ದೆ ಕೈ, ಟಚ್ಚು, ಎಲ್ಲ. ರತ್ನನಿಗೆ ಹೇಳುವ ಹಾಗೆಯೇ ಹೇಳಿದೆ, ಆದರೆ ಸ್ವಲ್ಪ ಗಟ್ಟಿಯಾಗಿ. ಆಗ ನಮ್ಮ ಯಜಮಾನರು ಬಾಯಿ ಬಿಟ್ಟರು. ಸತ್ತು ಬಂದದ್ದರಿಂದಲೋ ಏನೋ, ಮನೆಯಲ್ಲಿ ಮೊದಲ ಸಲ ಪಂಚಾಯಿತಿಯ ದನಿಯಲ್ಲಿ ಮಾತಾಡಿದರು.

"ಅಳೀಂದ್ರೇ, ಅವಳ ಸೆಟ್ಟು ಅವಳಿಗೆ ಕೊಟ್ಬುಡಿ. ಪದೇ ಪದೇ ಸಾಯೋಕೆ ನನ್ ಕೈಲಾಗಲ್ಲ."

ಅಳಿಯಂದಿರು ಹುಳುಮನೆಗೆ ಹೋಗಿ, ಹತ್ತಿಯ ಸಮೇತ ನನ್ನ ಫೋನು ತಂದು ರತ್ನನ ಕೈಗೆ ಕೊಟ್ಟರು, ರತ್ನ ನನ್ನ ಕೈಗೆ ಕೊಟ್ಟಳು. ಐದರ ಬಟನ್ನು ರಿಪೇರಿಯಾಗಿತ್ತು. ನನಗೆ ಸಮಾಧಾನವಾಯಿತು, ಅವರ ಮುಖ ಮಾತ್ರ ಬಾಡಿತ್ತು. ತಾಯಮ್ಮನಿಗೆ ಗಂಡು ಮಕ್ಕಳೇ, ಅಳಿಯನಿಲ್ಲ, ಹಾಗಾಗಿ ಅಳಿಯಂದಿರೆಂದರೆ ಅವಳಿಗೆ ಕರಗುವ ಮನಸ್ಸು. ಹುಳುಮನೆಗೆ ಹೋಗಿ ತಟ್ಟೆಯಲ್ಲಿ ಖಾಲಿಯಾದ ಜಾಗ ನೋಡಿದಳು. "ಪಾಪ, ಹಲ್ ಬಿದ್ದಂಗೈತೆ" ಎಂದು ಸೊಂಟದ ಚೀಲದಿಂದ ತನ್ನ ಬಟನ್ ಸೆಟ್ಟು ತೆಗೆದು ಅಲ್ಲಿಟ್ಟಳು. ನಾನು ಕಣ್ಣು ಸನ್ನೆ ಮಾಡುವಷ್ಟರಲ್ಲಿ ಮುಗಿದಿತ್ತು. ಅಳಿಯಂದಿರು ಅವಳ ಕಾಲು ಮುಟ್ಟಿ, ನಾನು ಬೇಡವೆಂದ ಟಚ್ ಫೋನನ್ನು ಅವಳಿಗೆ ಎಲೆ ಅಡಿಕೆಯೊಂದಿಗೆ ಕೊಟ್ಟರು. ಹಾರವನ್ನು ಹಾಳು ಮಾಡಬಾರದೆಂದು ದೇವರ ಪಟಕ್ಕೆ ಹಾಕಿದೆವು. ಯಜಮಾನರ ಅಳತೆಗೆ ತಂದದ್ದು, ದೇವರಿಗೆ ಉದ್ದವಾಯಿತು.

ನನ್ನ ಫೋನು ನನಗೆ ಬಂತು, ಕಷ್ಟ ತೀರಿತು ಎಂದುಕೊಂಡೆ. ತಾಯಮ್ಮನ ಬೆರಳು ಸವೆದಿಲ್ಲ. ಊರಿಗೆ ಹೋದವಳು ಟಚ್ಚು ಕಲಿತಳು. ಈಗ ಬೆಳಿಗ್ಗೆ ರಿಂಗ್ ಬಂದರೆ ಕಟ್ ಆಗುವುದೇ ಇಲ್ಲ. ನಾನು ಎತ್ತುವ ತನಕ ಬಿಡುವುದಿಲ್ಲ. "ಮಾತು ಪುಕ್ಕಟೆ ಕಣಕ್ಕ, ಯಾಕ್ ಕಟ್ ಮಾಡ್ಬೇಕು?" ಎನ್ನುತ್ತಾಳೆ. ಹಸು, ಸೊಸೆ, ಸೊಂಟ ನೋವು, ಮತ್ತೆ ಸೊಸೆ. ನಾನು ಫೋನನ್ನು ರಾಗಿ ಡ್ರಮ್ಮಿನ ಮೇಲಿಟ್ಟು, ಅಂಗಳ ಗುಡಿಸಿ ಬಂದು ಹೂಂ ಎನ್ನುತ್ತೇನೆ. ಅವಳು ಇನ್ನೂ ಸೊಸೆಯಲ್ಲೇ ಇರುತ್ತಾಳೆ. ಹಾಗೇ ಮಾತಿಗೆ ಮಾತು ಬೆಳೆದು, ನಮ್ಮವ್ವನ ಹಿತ್ತಾಳೆ ಹಂಡೆಯನ್ನು ನಾನೇ ಹೊತ್ತುಕೊಂಡು ಬಂದೆನೆಂದು ಒಂದು ದಿನ ಅಂದಳು. ನಾನೂ ಎರಡು ಅಂದೆ. ಅಕ್ಕ ತಂಗಿ ಎಂದರೆ ಇವರ ಹಾಗಿರಬೇಕು ಎಂದು ಇಷ್ಟು ವರ್ಷ ನೆಂಟರೆಲ್ಲ ಹೇಳುತ್ತಿದ್ದರು. ನಾವು ಚೆನ್ನಾಗಿದ್ದದ್ದು ಮಾತಾಡದೆ ಇದ್ದದ್ದಕ್ಕೆ. ನನಗೆ ಬೇಕಾಗಿದ್ದದ್ದು ನನ್ನ ಫೋನಲ್ಲ, ಅವಳ ಕೈಯಲ್ಲಿದ್ದ ಅವಳ ಹಳೇ ಫೋನು ಎಂದು ನನಗೆ ಆಗ ತಿಳಿಯಿತು. ಅದು ಹುಳುಮನೆಯಲ್ಲಿದೆ. ಅಳಿಯನಿಗೆ ಕೊಟ್ಟದ್ದು, ಕೇಳುವ ಹಾಗಿಲ್ಲ.

ಮೊನ್ನೆ ಬೆಳಿಗ್ಗೆ ಒಂದು ರಿಂಗ್ ಬಂದು, ಹಳೆಯ ಕಾಲದ ಹಾಗೆ ಕಟ್ ಆಯಿತು. ಅಂತೂ ಬುದ್ಧಿ ಬಂತು ಎಂದುಕೊಂಡು ಮೊರ ಹಿಡಿದು ರಾಗಿ ಕೇರಲು ಕೂತೆ. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಇಷ್ಟು ದಿನ ಕಟ್ ಮಾಡದವಳು ಇವತ್ತು ಯಾಕೆ ಕಟ್ ಮಾಡಿದಳು? ಮತ್ತೆ ಕೇರಿದೆ. ರಾಗಿಯಲ್ಲಿ ಕಲ್ಲು ಯಾವುದು ಕಾಳು ಯಾವುದು ಕಾಣಿಸಲಿಲ್ಲ. ಎದ್ದು ಹೋಗಿ ಎರಡರ ಬಟನ್ನು ಅಮುಕಿ ಹಿಡಿದೆ. ಎತ್ತಲಿಲ್ಲ. ಮತ್ತೆ ಹಿಡಿದೆ. ಬಹಳ ಹೊತ್ತಿನ ಮೇಲೆ ಎತ್ತಿದಳು.

"ಯಾಕೇ ಕಟ್ ಮಾಡ್ದೆ?" ಎಂದೆ.

"ಬಾಗ್ಲಲ್ಲಿ ಯಾರೋ ಕರೆದ್ರು ಕಣಕ್ಕ. ನೀನ್ಯಾಕ್ ಮಾಡ್ದೆ?"

"ಏನಿಲ್ಲ."

"ಏನಿಲ್ದೆ ನೀನ್ ಮಾಡೋಳಲ್ಲ. ಭಾವ ಚೆನ್ನಾಗವ್ರಾ?"

"ಅವರಿಗೇನು, ಮಲಗವ್ರೆ" ಎಂದೆ. "ಆವತ್ತೂ ಹಂಗೇ ಮಲಗಿದ್ರಲ್ಲ" ಎಂದಳು. ಇನ್ನು ಬಿಟ್ಟರೆ ಹಾರ ಹಿಡಿದುಕೊಂಡು ಹೊರಟೇಬಿಡುತ್ತಾಳೆ ಎಂದು ಭಯವಾಯಿತು. "ಅದಿರ್ಲಿ, ಆವತ್ತು ಹಂಡೆ ವಿಷ್ಯ ಅರ್ಧಕ್ಕೆ ನಿಲ್ಸಿದ್ಯಲ್ಲ, ಏನದು, ಪೂರ್ತಿ ಹೇಳು" ಎಂದು ನಾನೇ ಬಾಯಿಬಿಟ್ಟು ಕೇಳಿ, ಮೊರವನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿಕೊಂಡು ಕೂತೆ.