ಪಟೇಲರ ಸೀಲು ಬಿದ್ದ ಮೇಲೆ

ಕಾನೂನು ಹುಟ್ಟೋದು ವಿಧಾನಸೌಧದಲ್ಲಿ, ಒಪ್ಪಿಕೊಂಡೆ. ಆದರೆ ಅದು ಬಸ್ಸು ಹತ್ತಿ ಪೀಣ್ಯಕ್ಕೆ ಬಂದು ಇಳಿಯೋ ಹೊತ್ತಿಗೆ ನಮ್ಮ ಜನ ಅದಕ್ಕೆ ಬೇರೆ ಅಂಗಿಯನ್ನೇ ತೊಡಿಸಿರುತ್ತಾರೆ. ಎಂಬತ್ತರ ಆಸುಪಾಸಿನಲ್ಲಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಹಾಜರಿ ನೋಡೋ ಟೈಮ್ ಆಫೀಸಿನಲ್ಲಿ ನಾನು ಗುಮಾಸ್ತ. ದಿನಾ ಒಂದಲ್ಲ ಒಂದು ತಮಾಷೆ. ಮುಕ್ಕಾಲು ಪಾಲು ನಮ್ಮ ಗೇಟಿನ ವಾಚ್‌ಮನ್ ತಾತನದೇ.

೧. ಗೇಟು

ತಾತ ಹಿಂದೆ ಆ ಊರಿನ ಪಟೇಲರು. ಸರ್ಕಾರ ಪಟೇಲಿಕೆಯನ್ನು ತೆಗೆದುಹಾಕಿ ಎಷ್ಟೋ ವರ್ಷವಾಗಿತ್ತು. ಅವರ ಹೊಲದ ಮೇಲೇ ಕಾರ್ಖಾನೆ ಎದ್ದಿತ್ತು, ಅವರನ್ನೇ ಕಾವಲಿಗೆ ಇಟ್ಟಿದ್ದರು. ಊರಿನ ಕೆಲಸಗಾರರು ಆಗಲೂ ಅವರನ್ನು ಕಂಡರೆ ಸೈಕಲ್ಲಿಂದ ಇಳಿದು, ಕೈಮುಗಿದೇ ಒಳಗೆ ಬರೋರು.

ಹೊಸ ಮ್ಯಾನೇಜರ್ ಬಂದ ದಿನ ತಾತ ಕಾರನ್ನು ತಡೆದು, "ಯಾವೂರಾಯ್ತು? ಯಾರ ಮಗ?" ಅಂತ ವಿಚಾರಿಸಿಬಿಟ್ಟರು. ಮ್ಯಾನೇಜರ್ ಕೆಂಡಾಮಂಡಲ. ನಾನು ಓಡಿಹೋಗಿ, "ಪಟೇಲ್ರೇ, ಅವರು ಮ್ಯಾನೇಜರ್ರು!" ಅಂದೆ.

"ಇರ್ಲಿ ಬಿಡಿ ಸಾಮಿ. ನಮ್ಮ ಒಲಕ್ಕೆ ಬರೋರು ಯಾರು ಅಂತ ನಮಗೆ ಗೊತ್ತಾಗೋದ್ ಬ್ಯಾಡ್ವಾ?"

೨. ವಯಸ್ಸು

ಆಮೇಲೆ ಐವತ್ತೆಂಟಕ್ಕೆ ನಿವೃತ್ತಿ ಅನ್ನೋ ನಿಯಮ ಬಂತು. ವಯಸ್ಸಿಗೆ ಒಂದು ಕಾಗದ ತನ್ನಿ ಅಂತ ತಾತನಿಗೆ ಹೇಳಿದೆ. ಮಾರನೇ ದಿನವೇ ತಂದರು. "ವಯಸ್ಸು ಐವತ್ತು" ಅಂತಿತ್ತು. ಕೆಳಗೆ ಹಳೇ ಪಟೇಲಿಕೆಯ ಸೀಲು.

"ಇದು ನಿಮ್ಮದೇ ಸೀಲಲ್ವಾ?"

"ಊರಿನ ಉಟ್ಟು-ಸಾವೆಲ್ಲ ಬರೆಸ್ತಿದ್ದೋನು ನಾನು. ನಾನ್ ಉಟ್ಟಿದ್ದು ಇನ್ಯಾರಿಗೆ ಗೊತ್ತಿರ್ತದೆ?"

ಅಕ್ಷರ ಮಾತ್ರ ಗುಂಡುಗುಂಡಾಗಿತ್ತು. ಯಾರದು ಅಂದೆ.

"ಮೊಮ್ಮಗಳದು. ಬರೆಯೋದು ಶ್ಯಾನುಭೋಗರ ಕೆಲಸ, ಒತ್ತೋದು ಪಟೇಲನ ಕೆಲಸ. ಓದಿ ನೋಡಿ ಒತ್ತಿದ್ರೆ ಬರೆದೋರಿಗೆ ಅವಮಾನ ಅಲ್ವಾ?"

"ಅಲ್ಲ ಪಟೇಲ್ರೇ, ಪಟೇಲಿಕೆಗೆ ಬಂದು ನಲವತ್ತೆರಡು ವರ್ಷ ಆಯ್ತು ಅಂತ ಮೊನ್ನೆ ತಾನೇ ಹೇಳಿದ್ರಿ. ಎಂಟನೇ ವಯಸ್ಸಿಗೇ ಪಟೇಲರಾದ್ರಾ? ತಿದ್ದಿಸ್ಕೊಂಡು ಬನ್ನಿ."

ತಾತ ಮೀಸೆ ತೀಡಿಕೊಂಡರು. "ಸೀಲು ಬಿದ್ಮೇಕೆ ತಿದ್ದಂಗಿಲ್ಲ. ನಮ್ ವಂಸದಲ್ಲಿ ಬುದ್ಧಿ ಬೇಗ ಬತ್ತದೆ."

೩. ಮೊಮ್ಮಗಳು

ಆ ಗುಂಡಕ್ಷರದ ಹುಡುಗಿ ಹತ್ತನೇ ಕ್ಲಾಸು. ಮಧ್ಯಾಹ್ನ ತಾತನಿಗೆ ಊಟ ತರೋಳು. ತಂದಾಗಲೆಲ್ಲ ನನ್ನ ಕಿಟಕಿಗೆ ಬಂದು, "ಸಾರ್, ಕಾಲೇಜಿಗೆ ಸೇರೋಕೆ ಏನೇನು ಬೇಕು?" ಅಂತ ಕೇಳೋಳು. ಒಂದು ದಿನ ಕೇಳಲಿಲ್ಲ. ಕಣ್ಣು ಕೆಂಪಾಗಿತ್ತು. "ತಾತ ಮದುವೆ ಗೊತ್ತು ಮಾಡ್ಬಿಟ್ಟಿದಾರೆ ಸಾರ್. ನೀವಾದ್ರೂ ಹೇಳಿ."

ಹೇಳಿದೆ. "ನಿಮ್ ಟೈಮ್ ಆಫೀಸು ನೀವ್ ನೋಡ್ಕಳಿ ಸಾಮಿ," ಅಂದರು. ಮತ್ತೆ ಬಾಯಿ ತೆಗೆಯೋ ಧೈರ್ಯ ನನಗೆ ಬರಲಿಲ್ಲ.

ಆದರೆ ಗಂಡಿನ ಅಪ್ಪನಿಗೆ ಹೆದರಿಕೆ. ಮಗನದು ಸರ್ಕಾರಿ ಕೆಲಸ. "ಹದಿನೆಂಟು ತುಂಬದೆ ಮದುವೆ ಮಾಡಂಗಿಲ್ಲ ಅಂತ ಹೊಸ ಕಾನೂನು ಬಂದಿದೆಯಂತೆ. ತುಂಬಿದೆ ಅಂತ ಒಂದು ಕಾಗದ ಕೊಟ್ಬಿಡಿ," ಅಂದರು.

"ಅಷ್ಟೇನಾ?" ಅಂತ ತಾತ ನಕ್ಕರು. ಮನೆಗೆ ಹೋಗಿ ಮೊಮ್ಮಗಳಿಂದ ಬರೆಸಿ, ಸೀಲು ಒತ್ತಿ, ಮಾರನೇ ಮಧ್ಯಾಹ್ನ ಗೇಟಿನ ಹತ್ತಿರವೇ ಗಂಡಿನ ಅಪ್ಪನ ಕೈಗಿತ್ತರು.

ಅವರು ಓದಿದರು. ಇನ್ನೊಂದು ಸಲ ಓದಿದರು. "ಇದರಲ್ಲಿ ಹದಿನಾರು ಅಂತಿದೆಯಲ್ರೀ!"

ತಾತ ಕಾಗದ ಕಿತ್ತುಕೊಂಡು ನನ್ನ ಕಡೆ ಚಾಚಿದರು. ನಾನೂ ಓದಿದೆ. "ಹದಿನಾರೇ, ಪಟೇಲ್ರೇ." ಹುಡುಗಿ ಊಟದ ಕ್ಯಾರಿಯರ್ ಹಿಡಿದು ನೆಲ ನೋಡುತ್ತಾ ನಿಂತಿದ್ದಳು.

"ಅದಕ್ಕೇನಂತೆ, ತಿದ್ದಿ ಇನ್ನೊಂದು ಸೀಲು ಒತ್ಬಿಡಿ," ಅಂದರು ಗಂಡಿನ ಅಪ್ಪ.

ತಾತ ಸೀಲು ನೋಡಿದರು, ಮೊಮ್ಮಗಳನ್ನು ನೋಡಿದರು.

"ತಿದ್ದೋದಾ? ಸೀಲು ಬಿದ್ಮೇಕೆ ಬ್ರಹ್ಮ ಬಂದ್ರೂ ತಿದ್ದಂಗಿಲ್ಲ! ಎರಡು ವರ್ಸ ಬುಟ್ಟು ಬನ್ನಿ."

ಗಂಡಿನ ಅಪ್ಪ ಗೊಣಗಿಕೊಂಡು ಹೋದ ಮೇಲೆ ತಾತ ಗುಡುಗಿದರು. "ಏನಮ್ಮೀ, ತಾತಂಗೇ ಟೋಪಿ ಹಾಕ್ತೀಯಾ?"

"ಇರೋ ವಯಸ್ಸೇ ಬರೆದೆ ತಾತ. ನೀನು ಓದ್ದೆ ಒತ್ತಿದ್ರೆ ನಾನೇನ್ ಮಾಡ್ಲಿ?"

ತಾತನ ಮೀಸೆಯ ಸಂದಿಯಿಂದ ನಗು ಉಕ್ಕಿ ಬಂತು. ನನ್ನ ಕಡೆ ತಿರುಗಿ ಅಂದರು:

"ಯೋಳಿರ್ನಿಲ್ವಾ ಸಾಮಿ? ನಮ್ ವಂಸದಲ್ಲಿ ಬುದ್ಧಿ ಬೇಗ ಬತ್ತದೆ!"